ಕೈ ಬಿಟ್ಟರೆ ಹಿಡಿಯುವ ಅಂಟು

ಗಾಜಿನ ಬರಣಿ ಕಾರ್ಖಾನೆಯ ಪ್ಯಾಕಿಂಗ್ ಮೇಲ್ವಿಚಾರಕಿಗೆ ಕೆಲಸದವರು ಬೆನ್ನ ಹಿಂದೆ ಇಟ್ಟ ಹೆಸರು ಗಿರಗಿಟ್ಲೆ. ಅವರು ಕುರ್ಚಿಯಲ್ಲಿ ಕೂತರೂ ಕಾಲು ಕೂರುವುದಿಲ್ಲ. ಒಲೆಯ ಮೇಲಿಟ್ಟ ಪಾತ್ರೆಯ ಮುಚ್ಚಳವನ್ನು ಬೇಯುವ ಮೊದಲೇ ಹತ್ತು ಸಲ ಎತ್ತುತ್ತಾರೆಂದು ಅದೇ ಪ್ಯಾಕಿಂಗ್ ಸಾಲಿನಲ್ಲಿ ದುಡಿಯುವ ನಾದಿನಿಯ ದೂರು.

ಆ ಬೇಸಿಗೆಯಲ್ಲಿ ಚಡಪಡಿಸಲು ಕಾರಣವೂ ಇತ್ತು. ಕಳಿಸಿದ ರಟ್ಟಿನ ಪೆಟ್ಟಿಗೆಗಳು ಖರೀದಿದಾರರ ತಗಡಿನ ಗೋದಾಮಿನಲ್ಲಿ ಬಾಯಿ ಬಿಟ್ಟು, ಬರಣಿಗಳು ಒಡೆದಿದ್ದವು. ಇನ್ನೊಮ್ಮೆ ಹೀಗಾದರೆ ಪ್ಯಾಕಿಂಗ್ ಹೊರಗಿನ ಗುತ್ತಿಗೆದಾರನಿಗೆ, ಸಾಲಿನ ಹೆಂಗಸರೆಲ್ಲ ಮನೆಗೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಪೆಟ್ಟಿಗೆಗೆ ಯಾವ ಟೇಪ್ ಹಚ್ಚಬೇಕೆಂಬುದನ್ನು ನಾಡಿದ್ದರೊಳಗೆ ಮೇಲ್ವಿಚಾರಕಿಯೇ ತೀರ್ಮಾನಿಸಬೇಕಿತ್ತು.

ಹಳೆಯ ಟೇಪಿನದು ಹಾಟ್‌ಮೆಲ್ಟ್ ಅಂಟು. ಒತ್ತಿದ ಕೂಡಲೇ ಗಬಕ್ಕನೆ ಹಿಡಿಯುತ್ತದೆ. ಕಾವಿಗೆ ಮೆತ್ತಗಾಗಿ ಜಾರುತ್ತದೆ. ಟೇಪ್ ಮಾರುವವನು ಅಕ್ರಿಲಿಕ್ ಅಂಟಿನ ಸುರುಳಿಯೊಂದನ್ನು ಕೊಟ್ಟು, ಇದು ಬಿಸಿಲಿಗೆ ಜಗ್ಗದು, ಆದರೆ ಪೂರ್ತಿ ಹಿಡಿಯಲು ಒಂದು ದಿನ ಬೇಕು ಎಂದಿದ್ದ.

ಮಾತು ಗಿರಗಿಟ್ಲೆಯ ಕಿವಿಗೆ ಬಿತ್ತು, ಕೈಗೆ ಬೀಳಲಿಲ್ಲ. ಪೆಟ್ಟಿಗೆಗೆ ಹಚ್ಚಿ, ಒಂದು ಸುತ್ತು ಹೋಗಿ ಬಂದು ಉಗುರಿನಿಂದ ಅಂಚನ್ನು ಎಬ್ಬಿಸಿದರು. ಸಲೀಸಾಗಿ ಬಂತು. ಮತ್ತೆ ಒತ್ತಿದರು, ಮತ್ತೆ ಕಿತ್ತರು. ಸಂಜೆಗೆ ಅಂಟಿನ ತುಂಬ ರಟ್ಟಿನ ಧೂಳು. ಇದೂ ದಂಡ, ಹಳೆಯದನ್ನೇ ಎರಡು ಪದರ ಸುತ್ತೋಣ ಎಂದರು.

"ಅತ್ತಿಗೆ, ಹಿಡಿಯೋಕೆ ನೀವು ಬಿಟ್ರೆ ತಾನೇ?" ಎಂದಳು ನಾದಿನಿ. "ಹೀಗೆ ಕಿತ್ತರೆ ದೇವರ ಅಂಟೂ ನಿಲ್ಲಲ್ಲ."

"ನೋಡದೆ ಹೇಗಿರಲಿ ಕಣೇ?"

"ಇರಿ. ಇಲ್ಲಾಂದ್ರೆ ನಾವೆಲ್ಲ ಮನೇಲಿರಬೇಕಾಗುತ್ತೆ."

ಅವಳೇ ಹೊಸ ಪೆಟ್ಟಿಗೆಗೆ ಟೇಪ್ ಹಚ್ಚಿ, ಕುಲುಮೆಯ ಪಕ್ಕದ ಬಿಸಿ ಕೋಣೆಯಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನವಿಡೀ ಗಿರಗಿಟ್ಲೆ ಆ ಬಾಗಿಲ ಮುಂದೆ ಸುಳಿದಾಡಿದರು, ಆದರೆ ಬೀಗದ ಕೈ ಕೇಳಲಿಲ್ಲ. ಸಂಜೆ ಬಾಗಿಲು ತೆರೆದು ಟೇಪ್ ಎಳೆದಾಗ ಅದು ರಟ್ಟಿನ ಸಿಪ್ಪೆಯನ್ನೇ ಕಿತ್ತುಕೊಂಡು ಬಂತು.

ಅಕ್ರಿಲಿಕ್ ತರಿಸಿದರು. ಜೊತೆಗೊಂದು ನಿಯಮ: ಟೇಪ್ ಹಚ್ಚಿದ ದಿನ ಪೆಟ್ಟಿಗೆ ಲಾರಿ ಹತ್ತುವಂತಿಲ್ಲ. ಲಾರಿ ಚಾಲಕ ಗೊಣಗಿದಾಗ, ತಾಳ್ಮೆಯಿಂದ ಕೂತುಕೊಳ್ಳಪ್ಪ ಎಂದು ಅವನಿಗೆ ಕುರ್ಚಿ ಎಳೆದುಕೊಟ್ಟು, ತಾವು ಅಂಗಳದುದ್ದ ಅಡ್ಡಾಡಿದರು.

ಸರಕು ಹೋಯಿತು. ಸಾಲಿನಲ್ಲಿ ಹೆಂಗಸರೆಲ್ಲ ಇದ್ದಾರೆ. ಪೆಟ್ಟಿಗೆ ಬಾಯಿ ಬಿಡಲಿಲ್ಲವೆಂದು ತಿಳಿಸಲು ಯಾರೂ ಫೋನ್ ಮಾಡುವುದಿಲ್ಲ. ಬಿಟ್ಟರೆ ಮಾತ್ರ ಮಾಡುತ್ತಾರೆ. ಹಾಗಾಗಿ ಕಚೇರಿಯಲ್ಲಿ ಫೋನ್ ಬಡಿದುಕೊಂಡಾಗಲೆಲ್ಲ ಮೊದಲು ಏಳುವವರು ಗಿರಗಿಟ್ಲೆಯೇ.