ಭೀಮನಿಗೆ ಸಂತಾನವಿರಲಿಲ್ಲ

ಆಗೆಲ್ಲ ಶಿರಸಿಯಲ್ಲಿ ಇಂಟರ್ನೆಟ್ ಇನ್ನೂ ಯಾರ ಜೇಬಿಗೂ ಇಳಿದಿರಲಿಲ್ಲ. ಅದು ಬೇಕೆಂದರೆ ರಾಮಚಂದ್ರಣ್ಣನ ಕಂಪ್ಯೂಟರ್ ಅಂಗಡಿಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಬರಬೇಕಿತ್ತು. ದಿನಾ ಬೆಳಿಗ್ಗೆ ಅವನು ಪ್ರತಿ ಸಿಪಿಯುಗೂ ಕುಂಕುಮ ಹಚ್ಚಿ, ಮಾನಿಟರ್ ಮೇಲೆ ಒಂದೊಂದು ದಾಸವಾಳ ಇಟ್ಟು, ಊದುಬತ್ತಿ ಬೆಳಗಿದ ಮೇಲೆಯೇ ಸ್ವಿಚ್ ಹಾಕುವುದು. ಊದುಬತ್ತಿ, ಕಾದ ಪ್ಲಾಸ್ಟಿಕ್, ನಮ್ಮ ಕೈಗಳ ಮಾವಿನಹಣ್ಣು, ಇವೆಲ್ಲ ಸೇರಿದ ಒಂದು ವಾಸನೆ ಆ ಕೋಣೆಗಿತ್ತು. "ಕೈ ತೊಳ್ಕಂಡು ಬಾ ಕೂಸೆ, ಮೌಸ್ ಅಂಟ್ತು" ಎಂದು ಅವನು ನನ್ನನ್ನು ಬಾಗಿಲಿನಿಂದ ವಾಪಸು ಕಳಿಸಿದ್ದು ಎಷ್ಟು ಸಲವೋ.

ನಾನಾಗ ಏಳನೇ ತರಗತಿ ಮುಗಿಸಿದ್ದೆ. ಆ ಬೇಸಿಗೆ ರಜೆಯಲ್ಲಿ ನಾವು ಆಡುತ್ತಿದ್ದುದು ಒಂದೇ ಆಟ. ಅದರ ಹೆಸರಿಗೆ ನಾಲಿಗೆ ಹೊರಳದೆ ನಾವು ಅದನ್ನು ಊರಾಟ ಎನ್ನುತ್ತಿದ್ದೆವು. ಯಾವ್ಯಾವುದೋ ದೇಶದವರೆಲ್ಲ ಸೇರಿ ಒಂದು ಊರಿನಲ್ಲಿ ಬದುಕುವ ಆಟ. ಇಪ್ಪತ್ತು ವರ್ಷದವರಾಗಿ ಒಳಗೆ ಹೋಗುತ್ತೇವೆ, ಮನೆ ಕಟ್ಟುತ್ತೇವೆ, ಕಸುಬು ಕಲಿಯುತ್ತೇವೆ. ನಮ್ಮ ಒಂದು ದಿನಕ್ಕೆ ಅಲ್ಲಿ ಎರಡು ವರ್ಷ. ನಾವು ಆಡಲಿ ಬಿಡಲಿ, ಆ ಕಾಲ ನಿಲ್ಲುತ್ತಿರಲಿಲ್ಲ. ಹೋದ ವಾರ ಬೇಲಿ ಹಾರಿದವಳು ಈ ವಾರ ಮೆಟ್ಟಿಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಾಳೆ. ಎಂಬತ್ತು ದಾಟಿದವರನ್ನು ನಾನು ನೋಡಲಿಲ್ಲ. ಸತ್ತರೆ ಸತ್ತಂತೆಯೇ, ಮತ್ತೆ ಎಬ್ಬಿಸುವ ಉಪಾಯವಿಲ್ಲ. ಬದುಕಿದ್ದಾಗಲೇ ಒಂದು ಮಗುವನ್ನು ಮಾಡಿಟ್ಟಿರಬೇಕು, ಆಮೇಲೆ ಆಡುವುದು ಆ ಮಗುವಾಗಿ. ಸಾಯುವ ಗಳಿಗೆಯಲ್ಲಿ ಆಟಗಾರ ಎದುರಿಗೇ ಕುಳಿತು ಆ ಮಗುವಿನ ಕೈಗೆ ಮನೆ ಒಪ್ಪಿಸಬೇಕು. ತಪ್ಪಿದರೆ ಮನೆಯ ಬಾಗಿಲು ತೆರೆದುಕೊಳ್ಳುತ್ತದೆ, ಯಾರು ಮೊದಲು ಹೊಕ್ಕರೆ ಅವರದು.

ನನ್ನವಳ ಹೆಸರು ಗೋದಾವರಿ. ಅದು ನನ್ನ ಅಜ್ಜಿಯ ಹೆಸರು. ಪ್ರೀತಿಯಿಂದ ಇಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜವೆಂದರೆ, ನಾನು ಕೊಟ್ಟ ಚೆಂದದ ಹೆಸರನ್ನೆಲ್ಲ ಯಾರೋ ಆಗಲೇ ತೆಗೆದುಕೊಂಡಿದ್ದಾರೆ ಎಂದು ಆಟ ಹೇಳಿತು. ಗೋದಾವರಿ ಮಾತ್ರ ಖಾಲಿಯಿತ್ತು. ಅವಳು ಗಿಡಮೂಲಿಕೆ ಬೆಳೆದು ಔಷಧ ಮಾಡುವವಳಾದಳು. ಎಲ್ಲಿಯೋ ಗುಡ್ಡದಾಚೆ ಸಿಗುವ ಬೀಜ ತಂದು, ಬಿತ್ತಿ, ಕೆಟ್ಟು, ಮತ್ತೆ ಬಿತ್ತಿ, ಇಡೀ ಊರಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದ ತೋಟ ಮಾಡಿದ್ದಳು. ನನ್ನ ಅರ್ಧ ರಜೆ ಆ ತೋಟಕ್ಕೆ ಹೋಯಿತು. ಅವಳ ಮಗಳು ತುಂಗಾ, ಅದನ್ನೆಲ್ಲ ಮುಂದೆ ನೋಡಿಕೊಳ್ಳಬೇಕಾದವಳು.

ಪಕ್ಕದ ಕುರ್ಚಿ ವಿನಾಯಕನದು. ನಮ್ಮ ಬೀದಿಯವನೇ, ನನಗಿಂತ ಎರಡು ವರ್ಷ ದೊಡ್ಡವನು. ಅವನ ಭೀಮ ಕತ್ತಿ ಹಿಡಿದವನು. ತೋಟ, ಅಡುಗೆ, ಮಗು ಇವೆಲ್ಲ ಹೆಂಗಸರ ಆಟ ಎಂದು ಅವನ ಅಭಿಪ್ರಾಯ. "ಮಕ್ಕಳನ್ನ ಎಪ್ಪತ್ತಾದ ಮೇಲೆ ನೋಡ್ಕಂಡ್ರಾತು" ಎನ್ನುತ್ತಿದ್ದ.

ಗೋದಾವರಿಗೆ ಎಪ್ಪತ್ತು ಕಳೆದು ಬೆನ್ನು ಬಾಗಿತು. ಒಂದು ಮಧ್ಯಾಹ್ನ ಅವಳ ತಲೆಯ ಮೇಲಿನ, ಉಳಿದ ಆಯಸ್ಸು ತೋರಿಸುವ ಉಸಿರಿನ ಗೆರೆ ಕೆಂಪಗಾಗಿ ಸಣ್ಣದಾಗತೊಡಗಿತು. ನಾನು ತುಂಗಾಳನ್ನು ಹತ್ತಿರ ಕರೆದು ನಿಲ್ಲಿಸಿ ಕಾಯುತ್ತಿದ್ದೆ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋಗಿದ್ದ ವಿನಾಯಕ ಓಡಿಬಂದ.

"ಏ, ನಿನ್ನ ಅಜ್ಜಿ ಅಟ್ಟದ ಮೆಟ್ಟಿಲಿಂದ ಬಿದ್ದೋತಡ! ನಿಮ್ಮನೆ ಎದುರಿಗೆ ಜನ ಸೇರಿದ್ದ. ಓಡೆ!"

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಕಾದ ಡಾಂಬರು ಅಂಗಾಲು ಸುಟ್ಟಿದ್ದು ನೆನಪಿದೆ. ದಾರಿಯಲ್ಲಿ ಯಾರ ಹತ್ತಿರವೋ ಅಳುತ್ತ ಏನೋ ಹೇಳಿದ ನೆನಪೂ ಇದೆ, ಅದು ಖಚಿತವಿಲ್ಲ. ಮನೆಯ ಎದುರು ಯಾರೂ ಇರಲಿಲ್ಲ. ಅಜ್ಜಿ ತಾರಸಿಯ ಮೇಲೆ ಕುಳಿತು ಹಲಸಿನ ಹಪ್ಪಳ ತಟ್ಟುತ್ತಿದ್ದಳು, ಕೈಯೆಲ್ಲ ಎಣ್ಣೆ.

"ಎಂತ ಆತೇ ಕೂಸೆ? ಹಿಂದೆ ನಾಯಿ ಬತ್ತಾ ಇದ್ದ?"

ನಾನು ಅವಳನ್ನು ಅಪ್ಪಿಕೊಂಡೆ. ಆಮೇಲೆ ನನಗೆ ತಿಳಿಯಿತು. ತಿರುಗಿ ಓಡಿದೆ.

ಪರದೆಯ ಮೇಲೆ ಗೋದಾವರಿ ತನ್ನ ಅಂಗಳದಲ್ಲಿ ಮಲಗಿದ್ದಳು. ಬಾಗಿಲು ತೆರೆದಿತ್ತು. ಬೀಜ, ಔಷಧದ ಭರಣಿ, ಪಾತ್ರೆ ಯಾವುದೂ ಇರಲಿಲ್ಲ. ಖಾಲಿ ಮನೆಯಲ್ಲಿ ತುಂಗಾ ಸುಮ್ಮನೆ ನಿಂತಿದ್ದಳು. ವಿನಾಯಕ ತನ್ನ ಪರದೆಯಿಂದ ತಲೆ ಎತ್ತದೆ, ತಾನೇ ಅವಳ ಕರ್ಮ ಮಾಡಿದವನಂತೆ ಹೇಳಿದ:

"ಮುದುಕಿ ಹೋತು. ನೀನು ಇತ್ತಿಲ್ಲೆ. ಕಡಿಗೆ ಆನೇ ಮುಂದೆ ನಿಂತು ಎಲ್ಲಾ ಮುಗಿಸ್ದೆ."

ಅವತ್ತು ಸಂಜೆ ಅಜ್ಜಿಗೆ ಹೇಳಿದೆ. ಆಟವೆಂದರೇನು, ಅದರೊಳಗೆ ಅವಳ ಹೆಸರಿನವಳು ಮುದುಕಿಯಾಗಿ ಸತ್ತದ್ದು ಹೇಗೆ, ಎಲ್ಲವನ್ನೂ ಅಳುತ್ತ ಹೇಳಿದ್ದರಿಂದ ಅವಳಿಗೆ ಎಷ್ಟು ಅರ್ಥವಾಯಿತೋ. ತೋಟದ ಸುದ್ದಿಗೆ ಅವಳು "ಹ್ಞೂಂ" ಎಂದಳು. ಮೆಟ್ಟಿಲಿನ ಸುದ್ದಿಗೆ ಮಾತ್ರ ಹಪ್ಪಳದ ಬುಟ್ಟಿ ಪಕ್ಕಕ್ಕಿಟ್ಟಳು.

"ಬದುಕಿದ್ದ ಎನ್ನ ಬೀಳಿಸಿ ಆ ಮುದುಕಿ ಮನೆ ದೋಚಿದ್ನ ಅಂವ? ಅಂವನ ಗಟ್ಟಿಗಂಗೆ ಈಗ ಎಷ್ಟು ವರ್ಷ?"

"ಅರವತ್ತು ದಾಟಿದ್ದು."

"ಮಕ್ಕ?"

"ಇಲ್ಲೆ. ಕತ್ತಿ ಇದ್ದು."

ಅಜ್ಜಿ ನಕ್ಕಳು. ಅಂಥ ನಗೆಯನ್ನು ನಾನು ಅವಳಲ್ಲಿ ಮೊದಲು ಕಂಡಿರಲಿಲ್ಲ. "ಅಳಡ. ತಡಿ" ಎಂದು ನನ್ನ ಕಣ್ಣೊರೆಸಿದಳು.

ಎರಡು ದಿನ ಕಳೆದಿರಬೇಕು, ಇಡಗುಂದಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡ ಸುದ್ದಿ ಬಂತು. ವಿನಾಯಕನ ತಂದೆಯ ಕಡೆಯ ಮೂಲಮನೆಯವರು. ಅಜ್ಜಿ ಬೆರಳು ಮಡಚಿ ಅವರ ಅಜ್ಜ, ಇವರ ಮುತ್ತಜ್ಜ ಎಂದು ತಲೆಮಾರು ಎಣಿಸಿದಳು. ಒಂದೇ ಕುಟುಂಬದ ಕವಲು, ಹತ್ತು ದಿನ ಪೂರ್ತಿ ಸೂತಕ. ಪೇಟೆಯಲ್ಲಿರುವವರು ಅಷ್ಟು ದೂರದ ಸಾವಿಗೆ ದೇವರ ದೀಪ ಹಚ್ಚುವುದನ್ನು ಬಿಟ್ಟರೆ ಬೇರೇನೂ ಬಿಡುತ್ತಿರಲಿಲ್ಲ. ಹುಡುಗರನ್ನಂತೂ ಯಾರೂ ಕಟ್ಟಿಹಾಕುತ್ತಿರಲಿಲ್ಲ. ಅಜ್ಜಿ ಮದುವೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟು, ನನ್ನ ಕೈ ಹಿಡಿದು ಅಂಗಡಿಗೆ ಬಂದಳು. ವಿನಾಯಕ ಆಡುತ್ತಿದ್ದ.

"ತಮಾ ವಿನಾಯಕಾ" ಎಂದಳು ಅಜ್ಜಿ, ಇಡೀ ಕೋಣೆಗೆ ಕೇಳುವಂತೆ, ಅಷ್ಟೇ ಮೃದುವಾಗಿ. "ಇಡಗುಂದಿ ದೊಡ್ಡಜ್ಜ ಹೋದ್ನಡ. ಪಾಪ. ನಿಂಗಕ್ಕೆ ಹತ್ತು ದಿನ ಅಲ್ದ ಸೂತಕ?"

ರಾಮಚಂದ್ರಣ್ಣ ಕುರ್ಚಿ ಬೀಳುವಂತೆ ಎದ್ದ. "ಸೂತಕ ಇಟ್ಕಂಡು ಎನ್ನ ಮಷಿನ್ ಮುಟ್ಟಿದ್ಯನ? ಏಳಾ! ಮೊದ್ಲು ಎದ್ದೇಳಾ!"

"ರಾಮಚಂದ್ರಣ್ಣ, ಹತ್ತೇ ನಿಮಿಷ! ಒಂದು ಮಗನ್ನ ಮಾಡ್ಕಂಡು ಹೋಗ್ತೆ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ರಾಮಚಂದ್ರಣ್ಣ ನಗಲಿಲ್ಲ. ವಿನಾಯಕನನ್ನು ಹೊಸಿಲ ಆಚೆ ನಿಲ್ಲಿಸಿ, ಮನೆಯಿಂದ ತುಳಸಿ ಹಾಕಿದ ನೀರು ತರಿಸಿ ಮಾನಿಟರಿಗೂ ಕೀಬೋರ್ಡಿಗೂ ಪ್ರೋಕ್ಷಣೆ ಮಾಡಿದ. ಆ ಕೀಬೋರ್ಡಿನ ಅರ್ಧ ಕೀಲಿಗಳು ಆಮೇಲೆ ಕೆಲಸ ಮಾಡಲಿಲ್ಲ. ಅದೂ ಸೂತಕದಿಂದಲೇ ಎಂದು ವಿನಾಯಕನನ್ನೇ ಬೈದ.

ನಮ್ಮೂರಲ್ಲಿ ಊರಾಟ ಇದ್ದದ್ದು ಆ ಅಂಗಡಿಯಲ್ಲಿ ಮಾತ್ರ. ವಿನಾಯಕ ಯಾರಿಗಾದರೂ ಪಾಸ್‌ವರ್ಡ್ ಹೇಳಿದ್ದರೆ ಅವರೇ ಅವನ ಪರವಾಗಿ ಒಂದು ಮಗು ಮಾಡಿಕೊಡುತ್ತಿದ್ದರು. ಆದರೆ ಕದ್ದವನಿಗೆ ಎಲ್ಲರೂ ಕಳ್ಳರಂತೆ ಕಾಣುತ್ತಾರೆ. ಅವನು ಯಾರಿಗೂ ಹೇಳಲಿಲ್ಲ. ದಿನಾ ಬಂದು ಗಾಜಿನ ಬಾಗಿಲಿನಾಚೆ ನಿಲ್ಲುತ್ತಿದ್ದ. ಒಳಗೆ ನಾನು ತುಂಗಾಳನ್ನು ಕರೆದುಕೊಂಡು ಹೋಗಿ ಭೀಮನ ಎದುರು ಕೂರಿಸುತ್ತಿದ್ದೆ. ವಿನಾಯಕನನ್ನು ಎಬ್ಬಿಸಿದಾಗ ಇದ್ದಲ್ಲೇ, ಆಟದ ಊರಿನ ಬಾವಿಯ ಪಕ್ಕದಲ್ಲಿ, ಭೀಮ ನಿಂತಿದ್ದ. ಮೀಸೆ ಬೆಳ್ಳಗಾಯಿತು. ಕತ್ತಿ ಹಿಡಿದ ಕೈ ನಡುಗಿತು. ಒಂದು ಬೆಳಿಗ್ಗೆ ಹೋದಾಗ ಕತ್ತಿಯನ್ನೇ ಊರುಗೋಲು ಮಾಡಿಕೊಂಡಿದ್ದ. ನಾನು ಒಂದೊಂದನ್ನೂ ಬಾಗಿಲಿಗೆ ಹೋಗಿ ಹೊರಗಿದ್ದವನಿಗೆ ವರದಿ ಮಾಡುತ್ತಿದ್ದೆ. ಅಷ್ಟು ಸುಖ ನನಗೆ ಯಾವ ಪರೀಕ್ಷೆಯ ಫಲಿತಾಂಶವೂ ಕೊಟ್ಟಿಲ್ಲ.

ಭೀಮನ ಉಸಿರಿನ ಗೆರೆ ಕೆಂಪಾದ ದಿನ ಅಜ್ಜಿಯನ್ನೂ ಕರೆತಂದೆ. ಅವಳು ಕನ್ನಡಕ ಏರಿಸಿ ಪಕ್ಕದಲ್ಲಿ ಕುಳಿತಳು. ಮುದುಕ ಮೊದಲು ಮಂಡಿಯೂರಿದ, ಆಮೇಲೆ ಬಿದ್ದ. ಅವನ ಮನೆಯ ಬಾಗಿಲು ತೆರೆಯಿತು. ನನ್ನ ಬೀಜದ ಚೀಲ ಅಲ್ಲೇ ಮೂಲೆಯಲ್ಲಿತ್ತು, ಅವನು ಒಂದನ್ನೂ ಬಿತ್ತಿರಲಿಲ್ಲ. ನಾನು ಅದನ್ನು ತೆಗೆದುಕೊಂಡು ಹೊರಡಲಿದ್ದೆ.

"ಕತ್ತಿನೂ ತಗ" ಎಂದಳು ಅಜ್ಜಿ. "ಪಾತ್ರೆನೂ ತಗ. ಅಂವಂಗೆ ಒಂದು ಸೌಟೂ ಬಿಡಡ."

ಎಲ್ಲವನ್ನೂ ತೆಗೆದುಕೊಂಡೆ. ಗಾಜಿನಾಚೆ ವಿನಾಯಕ ಅತ್ತ. ಅತ್ತನೆಂದೇ ನನ್ನ ನೆನಪು ಹೇಳುತ್ತದೆ; ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಆ ಗಾಜಿನಿಂದ ಹೊರಗಿನ ಮುಖ ಕಾಣುತ್ತಿತ್ತೇ? ಆ ಕಣ್ಣೀರನ್ನು ನಾನೇ ಆಮೇಲೆ ಇಟ್ಟಿರಬಹುದು. ಇತಿಹಾಸ ಓದಿದವಳು ನಾನು. ಗೆದ್ದವರ ನೆನಪನ್ನು ನಂಬಬಾರದೆಂದು ಈಗ ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತೇನೆ.

ಆ ಆಟವನ್ನು ನಡೆಸುತ್ತಿದ್ದವರು ಒಂದು ದಿನ ಅದನ್ನು ನಿಲ್ಲಿಸಿದರಂತೆ. ತುಂಗಾಳ ಮೊಮ್ಮಕ್ಕಳು, ಗುಡ್ಡದಾಚೆಯ ಬೀಜದ ತೋಟ, ಎಲ್ಲ ಒಟ್ಟಿಗೇ ಹೋದವು. ಈಗಿನ ಆಟಗಳಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಸತ್ತವನು ಮರುಕ್ಷಣ ಎದ್ದು ಧೂಳು ಕೊಡವಿಕೊಳ್ಳುತ್ತಾನೆ. ಹಾಗಿದ್ದರೆ ಯಾರ ಮೇಲಾದರೂ ಸೇಡು ತೀರಿಸಿಕೊಳ್ಳುವುದಾದರೂ ಹೇಗೆ?

ಹೋದ ವರ್ಷ ಅಜ್ಜಿ ತೀರಿಕೊಂಡಳು. ಹದಿಮೂರನೆಯ ದಿನದ ಊಟಕ್ಕೆ ಬೀದಿಯವರೆಲ್ಲ ಬಂದರು, ವಿನಾಯಕನೂ ಬಂದ. ಹೊಟ್ಟೆ ಬಂದಿದೆ, ಒಳ್ಳೆಯ ಮಾತಿನವನು. ಪಂಕ್ತಿಯಲ್ಲಿ ಕುಳಿತು ಅಕ್ಕಪಕ್ಕದವರಿಗೆ ಸೂತಕದ ಕಥೆ ಹೇಳಿ ನಗಿಸುತ್ತಿದ್ದ. ಗೋದಜ್ಜಿ ಎಂಥ ಗಟ್ಟಿಗಿತ್ತಿ, ಒಂದು ಆಟಕ್ಕಾಗಿ ತನ್ನನ್ನು ಬೀದಿಗೆ ನಿಲ್ಲಿಸಿದಳು ಎಂದು. ಹೋಳಿಗೆಯ ಪಾತ್ರೆ ಹಿಡಿದ ನಾನು ಕೇಳಿಸಿಕೊಂಡು ನಿಂತೆ. ಮೆಟ್ಟಿಲಿನ ಮಾತು ಬರಲೇ ಇಲ್ಲ.

"ಅದಕ್ಕೂ ಮೊದ್ಲು ಅಜ್ಜಿ ಬಿದ್ದೋತು ಹೇಳಿ ನೀನು ಎನ್ನ ಓಡಿಸಿದ್ದು ಹೇಳಾ" ಎಂದೆ.

ಅವನು ನಿಜವಾಗಿಯೂ ಯೋಚಿಸಿದ. "ಆನ? ಛೇ ಛೇ. ಅಜ್ಜಿ ಮೇಲೆ ಹಂಗೆಲ್ಲ ಹೇಳ್ತಿದ್ನನೇ ತಂಗಿ? ನಿಂಗೆ ಎಂತೋ ತಪ್ಪು ನೆನಪು."

ಸುಳ್ಳು ಹೇಳುವವನ ಮುಖ ಅದಾಗಿರಲಿಲ್ಲ. ಅವನು ಮರೆತಿದ್ದ. ಸುತ್ತ ಕುಳಿತವರು ನನ್ನತ್ತ ನೋಡಿದರು. ಹೌದು ಎನ್ನಲು ಅಂಗಡಿಯಿಲ್ಲ, ರಾಮಚಂದ್ರಣ್ಣ ಇಲ್ಲ, ಆಟವಿಲ್ಲ. ಆ ಮಧ್ಯಾಹ್ನ ನಾನು ತಾರಸಿಗೆ ಹೇಗೆ ಓಡಿಬಂದೆನೆಂದು ನೋಡಿದವಳು ಒಬ್ಬಳೇ. ಅವಳ ಹೆಸರಿನ ಊಟವೇ ನಡೆಯುತ್ತಿತ್ತು. ಅಜ್ಜಿ ಹೋದಾಗ ಏನು ಹೋಯಿತೆಂದು ಹನ್ನೆರಡು ದಿನ ಎಲ್ಲರೂ ನನ್ನನ್ನು ಸಮಾಧಾನ ಮಾಡುತ್ತ ಹೇಳಿದ್ದರು. ನನ್ನ ಸಾಕ್ಷಿಯೂ ಹೋಯಿತೆಂಬ ಇದನ್ನು ಯಾರೂ ಹೇಳಿರಲಿಲ್ಲ.

ನಾನು ಅವನ ಎಲೆಯನ್ನು ದಾಟಿ, ಮುಂದಿನವರಿಗೆ ಹೋಳಿಗೆ ಬಡಿಸಿದೆ.