ಒಂದೇ ಪಟ್ಟಿಗೆ ಎರಡು ಸಲ ಬಿದ್ದೆ

ಗೆಳೆಯರೇ, ಇವತ್ತು ಕಳ್ಳಂಬೆಳ್ಳದ ಕುಸ್ತಿಯಲ್ಲಿ ಶಿರಾದ ಬಷೀರ ನನ್ನ ಎರಡೂ ಭುಜ ನೆಲಕ್ಕೆ ತಾಗಿಸಿ ಚಿತ್ ಮಾಡಿದನೆಂದು ತೀರ್ಪು ಕೊಟ್ಟರು. ಗೆದ್ದವನಿಗೆ ಬೆಳ್ಳಿ ಕಡಗ. ಅದು ಅವನ ಕೈಗೆ ಹೋಗುವುದನ್ನು ನೋಡಲು ನನ್ನಿಂದಾಗಲಿಲ್ಲ. ಸಾಲದ್ದಕ್ಕೆ ನಮ್ಮಪ್ಪನೇ, "ಏನ್ ಮೈಕಟ್ಟು ನೋಡ್ಲಾ ಅವುಂದು!" ಅನ್ನುತ್ತಿದ್ದರು.

"ನನ್ನ ಎಡಭುಜ ನೆಲ ಮುಟ್ಲೇ ಇಲ್ಲ, ಇನ್ನೊಂದ್ಸಲ ನೋಡಿ!" ಎಂದು ಜಗಳ ತೆಗೆದೆ. "ಬೆಂಗ್ಳೂರಾಗೆ ಕುದ್ರೆ ರೇಸ್ನಾಗೂ ಯಾವ್ದು ಗೆದ್ದಿದ್ದು ಅಂತ ಫೋಟೊ ನೋಡಿ ಹೇಳ್ತಾರಂತೆ."

ತೀರ್ಪುಗಾರ ಸಿದ್ದಪ್ಪಣ್ಣ ನಕ್ಕುಬಿಟ್ಟರು. "ಫೋಟೊ ಎಲ್ಲಿಂದ ತರಾನ ಲೇ? ನೀವಿಬ್ರೂ ಇಲ್ಲೇ ಇದ್ದೀರಲ್ಲ, ಹೆಂಗೆ ಬಿದ್ದೆ ಅಂತ ಅಂಗೇ ಮಾಡಿ ತೋರ್ಸಿ."

ಬಷೀರ ಕಡಗ ಕೆಳಗಿಟ್ಟು ಬಂದ. "ಈ ಸಲ ನಿಧಾನಕ್ಕೆ ಕೆಡುವ್ತೀನಿ ಕಣಣ್ಣ, ಎಲ್ರೂ ನೋಡ್ಕಳ್ಳಿ" ಎಂದು ಅದೇ ಪಟ್ಟು ಹಾಕಿದ. ನಾನು ಎಡಭುಜವನ್ನು ಎಷ್ಟು ಮೇಲೆತ್ತಿ ಹಿಡಿದರೂ ಎರಡೂ ಭುಜ ಕೆಮ್ಮಣ್ಣಿಗೆ ಒತ್ತಿಕೊಂಡವು.

ಹಿಂದೆ ಕೂತವರಿಗೆ ಮೊದಲ ಸಲ ಸರಿಯಾಗಿ ಕಂಡಿರಲಿಲ್ಲವಂತೆ. ಈ ಸಲ ಅವರೂ ಎದ್ದು ನಿಂತು ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು.

ಕಡಗ ಹೋದದ್ದನ್ನು ಹೇಗೋ ತಡೆದುಕೊಳ್ಳಬಹುದು. ಆ ಎರಡನೇ ಸಲದ ಚಪ್ಪಾಳೆಯನ್ನು ಅವನಿಗೆ ನಾನೇ ಜಗಳವಾಡಿ ಕೊಡಿಸಿದೆನಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತಿದೆ.