ಚಿಕ್ಕಪ್ಪ ಇಟ್ಟ ಮೂರು ಸುಣ್ಣದ ಬೊಟ್ಟು

ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಈಗಲೂ ಹೇಳುತ್ತಾರೆ, ಚಿಕ್ಕಪ್ಪನ ಮೈಮೇಲೆ ಮಾರಮ್ಮ ಬಂದು ನುಡಿದಳಂತೆ. ಸುಳ್ಳು. ಆಗ ಪಕ್ಕದಲ್ಲಿದ್ದವನು ನಾನೊಬ್ಬನೇ. ಯಾರೂ ಬರಲಿಲ್ಲ, ಅವನು ನಡುಗಲೂ ಇಲ್ಲ. ಇಂಥ ಕಥೆಗಳನ್ನು ಚರ್ಚಾಸ್ಪರ್ಧೆಗಳಲ್ಲಿ ಹರಿದುಹಾಕಿ ಬಹುಮಾನ ತಂದವನು ನಾನು. ಇದೊಂದು ಮಾತ್ರ ನನ್ನ ಕೈಗೆ ಸಿಗಲಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಚಳ್ಳಕೆರೆಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್, ಚಿಕ್ಕಪ್ಪ ರೇಷ್ಮೆ ಸೀರೆ ನೇಯುವವನು. ಅವನ ಅಂಗಾಲಲ್ಲಿ ಕಪ್ಪು ಮಚ್ಚೆ ಎದ್ದಾಗ ಚಿಕ್ಕಮ್ಮ, "ದೊಡ್ಡ ಡಾಕ್ಟ್ರಿಗೆ ತೋರ್ಸನ ಕಣಪ್ಪ, ದಿನಾ ಅಗಲ ಆಗ್ತೈತೆ" ಅಂದಳು. ಮಗ್ಗದ ಹಲಗೆ ತುಳಿದೂ ತುಳಿದೂ ಆದ ಆಣಿ ಅದು ಎಂದು ನಾನು ವಾದಕ್ಕೆ ನಿಂತೆ. ಓಣಿಯ ನೇಕಾರರ ಕಾಲುಗಳನ್ನೆಲ್ಲ ಸಾಕ್ಷಿಗೆ ಕರೆದೆ. ಚಿಕ್ಕಮ್ಮ ಸೋತಳು. "ಓದಿದೋನು ಹೇಳ್ತಾನೆ, ಸುಮ್ಕಿರೇ" ಅಂತ ಚಿಕ್ಕಪ್ಪ, ನೇಕಾರರೆಲ್ಲ ಆಣಿಗೆ ಮಾಡುವ ಹಾಗೆ, ಬ್ಲೇಡಿನಿಂದ ಅದನ್ನು ಹೆರೆದುಕೊಂಡ.

ಎಂಟು ತಿಂಗಳಿಗೆ ತೊಡೆಸಂದಿಯಲ್ಲಿ ಗಂಟು ಬಂತು. ನಮ್ಮ ಲ್ಯಾಬಿನ ಡಾಕ್ಟರು ಸೂಜಿ ಹಾಕಿ ಒಳಗಿನದನ್ನು ಎಳೆದರು. ಅದನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿದವನು ನಾನೇ. ಮೈಕ್ರೋಸ್ಕೋಪಿನಲ್ಲಿ ಅಡ್ಡಾದಿಡ್ಡಿ ದೊಡ್ಡ ಜೀವಕೋಶಗಳು, ಒಳಗೆ ಕಂದುಗಪ್ಪು ಪುಡಿ. ಡಾಕ್ಟರು ಬಹಳ ಹೊತ್ತು ನೋಡಿದರು. "ಮೆಲನೋಮ. ಚರ್ಮದ ಕ್ಯಾನ್ಸರ್. ಅಂಗಾಲಿಂದ ಮೇಲಕ್ಕೆ ಹತ್ತಿದೆ."

ಹೊರಗೆ ಬೆಂಚಿನ ಮೇಲೆ ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಾನು ಬಾಯಿ ತೆರೆಯುವ ಮುಂಚೆಯೇ ಅಂಗಿ ಬಿಚ್ಚಿದ. ಬುಟ್ಟಾ ಬರಬೇಕಾದ ಜಾಗಕ್ಕೆ ಸೀರೆಯಲ್ಲಿ ಗುರುತಿಡುವ ಹಾಗೆ, ಸುಣ್ಣದ ಬೆರಳಲ್ಲಿ ಮೈಮೇಲೆ ಮೂರು ಬೊಟ್ಟು ಇಟ್ಟ: ಎಡಗಂಕುಳಲ್ಲಿ, ಹೊಕ್ಕುಳ ಪಕ್ಕದಲ್ಲಿ, ಕಿವಿಯ ಹಿಂದೆ.

"ಇನ್ ಇಲ್ಲಿ, ಆಮ್ಯಾಕೆ ಇಲ್ಲಿ, ಕೊನೀಗೆ ಇಲ್ಲಿ ಕಣಲೇ. ಬರ್ಕೋ, ಮರ್ತ್‌ಬಿಡ್ತೀಯ."

ಡಾಕ್ಟರನ್ನು ಕರೆದೆ. ಮೂರೂ ಕಡೆ ಒತ್ತಿ ನೋಡಿದರು. ಕೈಗೆ ಏನೂ ಸಿಗಲಿಲ್ಲ.

ಗಂಟುಗಳು ಅದೇ ಕ್ರಮದಲ್ಲಿ ಬಂದವು. ಮೊದಲ ಎರಡರಲ್ಲೂ ಅದೇ ಕಪ್ಪು ಪುಡಿ ನೋಡಿದೆ. ಮೂರನೆಯ ಗಾಜನ್ನು ಇನ್ನೊಬ್ಬನ ಕೈಗೆ ಕೊಟ್ಟು ಎದ್ದುಹೋದೆ.

ಕಾಕತಾಳೀಯ ಎನ್ನಿ. ಒಳಗೆ ನೋವು ಮೊದಲೇ ಶುರುವಾಗಿತ್ತು ಎನ್ನಿ. ನಾನೂ ಹಾಗೇ ಹೇಳಿಕೊಂಡೆ. ಒಂದಕ್ಕೆ ಸರಿ. ಮೂರಕ್ಕೂ? ಕ್ರಮಕ್ಕೂ?

ಅವನು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಕಾಲು ಒತ್ತುತ್ತಾ ಕೇಳಿಯೇಬಿಟ್ಟೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಎಚ್ಚರವಾಗಿಯೇ ಇದ್ದ.

"ಅದು ಎಲ್ಲೆಲ್ಲಿ ಬರುತ್ತೆ ಅಂತ ನಿಂಗೆ ಗೊತ್ತಾಗ್ತಿತ್ತು ಅಂದ್ರೆ, ಆಣಿ ಅಂತ ನಾನು ವಾದ ಮಾಡಿದ ದಿನ ಯಾಕ್ ಚಿಕ್ಕಪ್ಪ ನನ್ನ ಕಡೆ ಸೇರ್ಕೊಂಡೆ?"